ಸ್ಪಂದಿಸಬೇಕಾದವರು ಯಾರು?

ಸಣ್ಣ ಉದ್ದಿಮೆಗಳಲ್ಲಿ ಕಾರ್ಯಸಂಸ್ಕೃತಿಯಿಲ್ಲ ಎಂಬುದು ವಿಚಾರಗೋಷ್ಠಿಗಳ ಸಿದ್ಧ ಮಾತಾಗಿದೆ. ಇದನ್ನು ನಾವು ಒಪ್ಪಲಾರೆವು. ಪುಣೆಯ ಭೋಸರಿಯಲ್ಲಾಗಲಿ, ಬೆಂಗಳೂರಿನ ಪೀಣ್ಯದಲ್ಲಾಗಲಿ, ಹತ್ತಾರು ಕೆಲಸಗಾರರ ಲೇತ್ ಕಾರ್ಖಾನೆಯೊಂದನ್ನು ಹೊಕ್ಕು ನೋಡೋಣ. ಮಾಲೀಕನೇ ಯಂತ್ರದ ಪಕ್ಕದಲ್ಲಿ ನಿಂತಿರುತ್ತಾನೆ; ನಕ್ಷೆ ಬದಲಾದರೆ ಅಲ್ಲಿಯೇ ತೀರ್ಮಾನವಾಗುತ್ತದೆ, ಕಡತ ಮೇಜಿನಿಂದ ಮೇಜಿಗೆ ಅಲೆಯುವುದಿಲ್ಲ. ಸ್ಪಂದನಶೀಲತೆಯೆಂದರೆ ಇದಲ್ಲದೆ ಮತ್ತೇನು?

ಸ್ಪಂದನೆ ಬತ್ತಿರುವುದು ಹಣ ಕೊಡಬೇಕಾದವರಲ್ಲಿ. ಸಣ್ಣ ಸರಬರಾಜುದಾರನ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ವಿಧಿಸಿದೆ. ಗಡುವು ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಆದರೆ ದೂರು ಕೊಡುವ ಹೊರೆ ಸಣ್ಣವನದೇ. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರು ಬಂದೀತೆ? ಹಕ್ಕು ಕಾಗದದಲ್ಲಿದೆ, ಅನ್ನ ಖರೀದಿದಾರನ ಕೈಯಲ್ಲಿದೆ.

ಬಾಕಿ ಬಾರದಿದ್ದರೆ ಸಂಬಳ ತಡವಾಗುತ್ತದೆ. ಸಂಬಳ ತಡವಾದರೆ ನುರಿತ ಕೆಲಸಗಾರ ಬಿಟ್ಟು ಹೋಗುತ್ತಾನೆ. ಅವನ ಬೆನ್ನಿಗೇ ಕಾರ್ಖಾನೆಯ ವರ್ಷಗಳ ಕಲಿಕೆಯೂ ಹೊರಡುತ್ತದೆ. ಕೆಲಸಗಾರನ ಮಾತಿಗೆ ಕಿವಿಗೊಡದ ಮಾಲೀಕರಿದ್ದಾರೆ, ಅವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ತಿಂಗಳ ಕೊನೆಯನ್ನೇ ದಾಟಲಾರದವನಿಗೆ ನಾಯಕತ್ವ ಶಿಬಿರದ ಉಪದೇಶ ಏನು ಮಾಡೀತು?

ಬಡ್ಡಿಯು ಕೇಳದೆಯೇ ಸರಬರಾಜುದಾರನ ಖಾತೆಗೆ ಜಮೆಯಾಗುವ ವ್ಯವಸ್ಥೆ ಬರಲಿ. ಸರ್ಕಾರಿ ಇಲಾಖೆಗಳೂ ದೊಡ್ಡ ಕಂಪನಿಗಳೂ ಅದಕ್ಕೆ ಸಮಾನವಾಗಿ ಒಳಪಡಲಿ. ಮೊದಲು ಬಾಕಿ ತೀರಲಿ. ಸಂಸ್ಕೃತಿಯ ಪಾಠ ಆಮೇಲೆ.