ಸಿರಿಯೂ ಒಂದು ಕವಚಕುಂಡಲವೇ

ರಜೆಗೆಂದು ಬಂದಿದ್ದ ಮೊಮ್ಮಕ್ಕಳಿಬ್ಬರು ಮೊನ್ನೆ ಜಗುಲಿಯ ಮೇಲೆ ಜಗಳಕ್ಕೆ ಬಿದ್ದರು. ಸೂಪರ್‌ಮ್ಯಾನ್ ದೊಡ್ಡವನೋ, ಬ್ಯಾಟ್‌ಮ್ಯಾನ್ ದೊಡ್ಡವನೋ? ಹಿರಿಯವನು ನನ್ನನ್ನೇ ಸಾಕ್ಷಿಗೆ ಕರೆದ: "ಸೂಪರ್‌ಮ್ಯಾನ್‌ಗೆ ಶಕ್ತಿ ಹುಟ್ಟಿನಿಂದಲೇ ಬಂತು, ಅದರಲ್ಲಿ ಅವನ ಹೆಚ್ಚುಗಾರಿಕೆ ಏನು ತಾತ? ಬ್ಯಾಟ್‌ಮ್ಯಾನ್ ನಮ್ಮ ಹಾಗೆ ಮನುಷ್ಯ. ಎಲ್ಲವನ್ನೂ ಕಷ್ಟಪಟ್ಟು ಕಲಿತ." ಈ ಮಾತನ್ನು ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ಕಿವಿಗೆ ಹಿತವಾದ ಮಾತೇ. ಆದರೆ ನಾನು ಒಪ್ಪಲಾರೆ.

1938ರಲ್ಲಿ ಅಮೆರಿಕದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರ ಸೂಪರ್‌ಮ್ಯಾನ್ ಅಚ್ಚಾದ. ಮರುವರ್ಷವೇ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಬ್ಯಾಟ್‌ಮ್ಯಾನ್ ಬಂದ. ಮೊದಲನೆಯವನು ಕ್ರಿಪ್ಟಾನ್ ಗ್ರಹದ ಕೂಸು. ಎರಡನೆಯವನಿಗೆ ಅತಿಮಾನುಷ ಬಲವಿಲ್ಲ, ನಿಜ. ಆದರೆ ಅವನ ಪೂರ್ವಕಥೆ ಮೊದಲು ಅಚ್ಚಾದ 1939ರ ಕಂತಿನಲ್ಲೇ, ತಂದೆಯ ಆಸ್ತಿಯಿಂದ ತಾನು ಸಿರಿವಂತನಾಗಿದ್ದೇನೆಂದು ಅವನೇ ಹೇಳಿಕೊಳ್ಳುತ್ತಾನೆ. ಆ ಕಾರು, ಆ ಪ್ರಯೋಗಶಾಲೆ, ಹೊಟ್ಟೆಪಾಡಿನ ಚಿಂತೆಯಿಲ್ಲದೆ ವರ್ಷಗಟ್ಟಲೆ ಸಾಧನೆ ಮಾಡುವ ಬಿಡುವು, ಇವೆಲ್ಲ ಎಲ್ಲಿಂದ ಬಂದವು? 1963ರಲ್ಲಿ ಹುಟ್ಟಿದ ಐರನ್ ಮ್ಯಾನ್‌ನ ಕಥೆಯೂ ಇದೇ. ಅವನಿಗೂ ತಂದೆಯ ಕಾರ್ಖಾನೆಯಿತ್ತು. ಕರ್ಣನ ಕವಚ ಮೈಗಂಟಿ ಬಂದಿತ್ತು, ಇವರದು ಖಜಾನೆಯಲ್ಲಿತ್ತು. ಎರಡೂ ಹುಟ್ಟಿನಿಂದ ಬಂದವೇ.

"ಎಲ್ಲ ಸಿರಿವಂತರ ಮಕ್ಕಳೂ ಬ್ಯಾಟ್‌ಮ್ಯಾನ್ ಆಗುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅವನ ಶ್ರಮವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದೇ ನ್ಯಾಯವನ್ನು ಸೂಪರ್‌ಮ್ಯಾನ್‌ಗೂ ಸಲ್ಲಿಸಬೇಕು. ಬೆಟ್ಟ ಎತ್ತುವ ತೋಳಿದ್ದವನು ದಬ್ಬಾಳಿಕೆಗೆ ಇಳಿಯದೆ ದೀನರ ಪರ ನಿಂತದ್ದು, ಸಾಕಿದ ಕೆಂಟ್ ದಂಪತಿಗಳ ಸಂಸ್ಕಾರದಿಂದ ಮತ್ತು ಅವನ ಸ್ವಂತ ಆಯ್ಕೆಯಿಂದ. 1962ರ ಸ್ಪೈಡರ್ ಮ್ಯಾನ್‌ನನ್ನು ನೋಡಿ: ಜೇಡದ ಕಡಿತದಿಂದ ಬಲ ಬಂದಿತ್ತು, ಆದರೂ ಕಣ್ಣೆದುರು ಓಡಿದ ಕಳ್ಳನನ್ನು ತಡೆಯಲಿಲ್ಲ. ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಂದ. ಬಲ ಬಂದ ದಿನವೇ ಅವನು ವೀರನಾಗಲಿಲ್ಲ. ಹೊಣೆ ಅರಿತ ದಿನ ಆದ.

ಮಕ್ಕಳ ಜಗಳಕ್ಕೆ ಈ ಮುದುಕನಿಗೇಕೆ ಇಷ್ಟು ಆವೇಶ ಎನ್ನುತ್ತೀರೇನೋ. ಕಾರಣವಿದೆ. "ಕಷ್ಟಪಟ್ಟರೆ ಯಾರು ಬೇಕಾದರೂ ಮೊದಲ ಸ್ಥಾನ ಪಡೆಯಬಹುದು" ಎಂದು ನಾನು ಪ್ರತಿ ವಾರ್ಷಿಕೋತ್ಸವದಲ್ಲೂ ಭಾಷಣ ಬಿಗಿಯುತ್ತಿದ್ದೆ. ಬಹುಮಾನ ಪಡೆದವನ ಮನೆಯಲ್ಲಿ ಓದಲು ಬೇರೆ ಕೋಣೆಯಿತ್ತು, ಮನೆಪಾಠವಿತ್ತು. ಹಿಂದಿನ ಬೆಂಚಿನಲ್ಲೊಬ್ಬ ತೂಕಡಿಸುತ್ತಿದ್ದ. ಅವನನ್ನು ಸೋಮಾರಿ ಎಂದು ಬೈದು, ಎಷ್ಟೋ ದಿನ ನಿಲ್ಲಿಸಿದ್ದೆ. ನಸುಕಿನಲ್ಲೆದ್ದು ಹಾಲು ಕರೆದು, ಮನೆಮನೆಗೆ ಹಾಕಿ ಶಾಲೆಗೆ ಬರುತ್ತಿದ್ದನೆಂದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ಇಡೀ ತರಗತಿಯಲ್ಲಿ ಹೆಚ್ಚು ಶ್ರಮಪಟ್ಟವನು ಅವನೇ ಆಗಿದ್ದ.

ಶ್ರಮವನ್ನು ಹೊಗಳೋಣ. ಆದರೆ ಹೊಗಳುವ ಮುನ್ನ, ಅವನ ಬೆನ್ನಿಗೆ ಯಾವ ಕವಚವಿತ್ತು ಎಂದೂ ನೋಡೋಣ. ನಿಮ್ಮಲ್ಲಿ ಹಲವರು ಈಗ ಮೇಷ್ಟರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.