ದಾರಿ ಮುಚ್ಚಿದ ದಿನ ಬೆನ್ನ ಮೇಲೆ ಏನಿರಬೇಕು?

ಮಳೆಗಾಲ ಹತ್ತಿರವಾದಂತೆ ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಎಮರ್ಜೆನ್ಸಿ ಕಿಟ್' ಪಟ್ಟಿ ಮತ್ತೆ ಕಣ್ಣಿಗೆ ಬೀಳುತ್ತದೆ. ಟಾರ್ಚು, ರೇಡಿಯೋ, ಅರ್ಧ ಲೀಟರ್ ನೀರು, ಒಂದು ಪೊಟ್ಟಣ ಓ.ಆರ್.ಎಸ್., ನಿತ್ಯದ ಮದ್ದು, ಗಾಯಕ್ಕೆ ಹಚ್ಚುವ ಮುಲಾಮು, 100 ಗ್ರಾಂ ನೆಲಗಡಲೆ, 100 ಗ್ರಾಂ ಒಣದ್ರಾಕ್ಷಿ ಅಥವಾ ಖರ್ಜೂರ, ಸಣ್ಣ ಚೂರಿ, ಕ್ಲೋರಿನ್ ಗುಳಿಗೆ, ಚಾರ್ಜು ಮಾಡಿಟ್ಟ ಒಂದು ಸಾದಾ ಮೊಬೈಲು, ಸ್ವಲ್ಪ ನಗದು ಹಣ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಮನೆಯಲ್ಲಿರುವವರಿಗಾಗಿ ಬರೆದದ್ದು. ನೀರು ಏರಿತು, ಗುಡ್ಡ ಜರಿಯಿತು, ಕೂಡಲೇ ಮನೆ ಬಿಟ್ಟು ಶಿಬಿರಕ್ಕೆ ಹೋಗಬೇಕು ಎಂಬುದು ಅದರ ಲೆಕ್ಕಾಚಾರ. ಮಂಜೇಶ್ವರ, ಕಾಸರಗೋಡು ತಾಲೂಕಿನ ನಮ್ಮಂಥವರ ಪಾಡು ಹಲವು ಬಾರಿ ಇದಕ್ಕೆ ತಿರುಗಾಮುರುಗ. ಮನೆಗೆ ಏನೂ ಆಗಿರುವುದಿಲ್ಲ, ಮನೆ ಸೇರುವ ದಾರಿ ಮಾತ್ರ ಇರುವುದಿಲ್ಲ.

ಓದಿಗೆ, ಕೆಲಸಕ್ಕೆ, ಆಸ್ಪತ್ರೆಗೆ ನಮ್ಮವರು ಬೆಳಗ್ಗೆ ಹೋಗುವುದು ಮಂಗಳೂರಿಗೆ. ಕಾಸರಗೋಡಿನಿಂದ ಸುಮಾರು 50 ಕಿ.ಮೀ., ನಡುವೆ ತಲಪಾಡಿ. ಸಾಮಾನ್ಯ ದಿನಗಳಲ್ಲಿ ಅಲ್ಲಿ ಗಡಿಯೊಂದಿದೆ ಎಂಬುದು ಬಸ್ಸಿನಲ್ಲಿ ತೂಕಡಿಸುವವನಿಗೆ ತಿಳಿಯುವುದೂ ಇಲ್ಲ. ತೊಂದರೆಯ ದಿನ ಬಂದಾಗ ಮಾತ್ರ ಅದು ಗೋಡೆಯಾಗುತ್ತದೆ.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ನಡೆದು ಇಬ್ಬರು ಸಾವಿಗೀಡಾದ ಬಳಿಕ ಕರ್ಫ್ಯೂ ಬಂತು. ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ನಿಂತಿತು. ಹಾಸ್ಟೆಲುಗಳಲ್ಲಿ ಸಿಕ್ಕಿಬಿದ್ದ ಕೇರಳದ ವಿದ್ಯಾರ್ಥಿಗಳನ್ನು ಡಿಸೆಂಬರ್ 21ರಂದು ಕೇರಳದ ಸಾರಿಗೆ ಬಸ್ಸುಗಳಲ್ಲಿ ಕಾಸರಗೋಡಿಗೆ ಕರೆತರಬೇಕಾಯಿತು. ಫೋನಿನಲ್ಲೇ ಹಣ, ಫೋನಿನಲ್ಲೇ ಟಿಕೆಟು, ಫೋನಿನಲ್ಲೇ ಗುರುತುಪತ್ರ ಇಟ್ಟುಕೊಂಡವರಿಗೆ ಆ ಎರಡು ದಿನ ಕೈಯಲ್ಲಿದ್ದದ್ದು ಗಡಿಯಾರ ತೋರಿಸುವ ಗಾಜಿನ ಹಲಗೆ.

ಮೂರು ತಿಂಗಳು ಕಳೆಯುವುದರೊಳಗೆ ಕೋವಿಡ್. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳಲ್ಲಿ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟಿನ ಆದೇಶ, ಆಮೇಲೆ ಸುಪ್ರೀಂ ಕೋರ್ಟು. ಏಪ್ರಿಲ್ 7ರ ಹೊತ್ತಿಗೆ ಎರಡೂ ರಾಜ್ಯಗಳ ನಡುವೆ ಒಪ್ಪಂದವಾಯಿತು: ಕೋವಿಡ್ ಇಲ್ಲವೆಂಬ ವೈದ್ಯರ ದೃಢಪತ್ರ ಇದ್ದ ತುರ್ತು ರೋಗಿಗೆ ತಲಪಾಡಿಯಲ್ಲಿ ದಾರಿ. 2021ರ ಫೆಬ್ರವರಿಯಲ್ಲಿ ಇನ್ನೊಂದು ಸುತ್ತು. ದಕ್ಷಿಣ ಕನ್ನಡಕ್ಕೆ ತಲಪಾಡಿ, ಸಾರಡ್ಕ, ನೆಟ್ಟಣಿಗೆ-ಮುಡ್ನೂರು, ಜಾಲ್ಸೂರು ಎಂಬ ನಾಲ್ಕೇ ಬಾಗಿಲು, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯ. ಗಮನಿಸಿ, ಎರಡೂ ಸಲ ಗಡಿ ದಾಟಿಸಿದ್ದು ಕಾಲಿನ ಬಲವಲ್ಲ, ಕೈಯಲ್ಲಿದ್ದ ಕಾಗದ.

ಇನ್ನು ಗುಡ್ಡದ ಸಂಗತಿ ಹೊಸದಾಗಿ ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆ-ಮಡಿಕೇರಿ ರಸ್ತೆ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯಡಿಯ ಮಣ್ಣು ಜರಿದು ಮಂಗಳೂರು-ಬೆಂಗಳೂರು ರೈಲುಗಳು ನಿಂತವು. 2025ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರು ಹತ್ತಿರ ವೀರಮಲ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಕುಸಿಯಿತು. ಹರತಾಳಗಳೂ ಇವೆ. ಏಳು ದಿನ ಮುಂಚೆ ತಿಳಿಸದೆ ಹರತಾಳ ಕೂಡದೆಂದು ಕೇರಳ ಹೈಕೋರ್ಟು 2019ರ ಜನವರಿಯಲ್ಲೇ ಹೇಳಿದ್ದರೂ 2022ರ ಸೆಪ್ಟೆಂಬರ್ 23ರಂದು ದಿಢೀರ್ ಹರತಾಳ ನಡೆದೇ ನಡೆಯಿತು.

ಇಂಥ ದಿನಕ್ಕೆಂದು ಸದಾ ಜೊತೆಯಲ್ಲಿಡುವ ಚೀಲಕ್ಕೆ ಅಮೆರಿಕದವರು 'ಗೆಟ್ ಹೋಮ್ ಬ್ಯಾಗ್' ಎನ್ನುತ್ತಾರೆ. ಮನೆ ಮುಟ್ಟಿಸುವ ಚೀಲ ಎನ್ನೋಣ. ಆದರೆ ಅವರ ಪಟ್ಟಿ ನೋಡಿದರೆ ಕಾಡಿನಲ್ಲಿ ವಾರ ಕಳೆಯುವವನ ಸಾಮಾನು: ಕೊಡಲಿ, ಬೆಂಕಿಕಲ್ಲು, ಡೇರೆ. ನಮ್ಮಲ್ಲಿ ಐದು ನಿಮಿಷ ನಡೆದರೆ ಒಂದು ಮನೆ, ಹತ್ತು ನಿಮಿಷಕ್ಕೆ ಒಂದು ಮಸೀದಿ, ದೇವಸ್ಥಾನ ಇಲ್ಲವೇ ಚಹಾದಂಗಡಿ. ನೀರು ಕೇಳಿದರೆ ಇಲ್ಲವೆನ್ನುವವರಿಲ್ಲ. ನಮಗೆ ಹೆಚ್ಚು ಪಾಠ ಹೇಳುವುದು ಜಪಾನ್. 2011ರ ಮಾರ್ಚ್ 11ರ ಭೂಕಂಪದ ದಿನ ರೈಲುಗಳು ನಿಂತು ಟೋಕಿಯೋ ಮತ್ತು ಸುತ್ತಲಿನ ಪ್ರದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿದ ಜನ ಮನೆ ಸೇರಲಾಗದೆ ಬೀದಿಯಲ್ಲಿ ಉಳಿದರು. ಆಮೇಲೆ ಅಲ್ಲಿನ ಆಡಳಿತ ಮಾಡಿದ ನಿಯಮ ವಿಚಿತ್ರವಾಗಿ ಕಂಡೀತು: ಎಲ್ಲರೂ ಒಟ್ಟಿಗೆ ಮನೆಗೆ ಹೊರಡಬೇಡಿ, ಸಂಸ್ಥೆಗಳು ಕೆಲಸಗಾರರಿಗೆ ಮೂರು ದಿನದ ಅನ್ನನೀರು ಕೂಡಿಟ್ಟು ಅಲ್ಲೇ ಉಳಿಸಿಕೊಳ್ಳಿ. 2013ರ ಏಪ್ರಿಲ್‌ನಿಂದ ಇದು ಟೋಕಿಯೋದಲ್ಲಿ ಜಾರಿಯಲ್ಲಿದೆ.

ನಮಗೂ ಇದು ಸಲ್ಲುವ ಮಾತೇ. ಮಂಗಳೂರು ಪೇಟೆಯಿಂದ ಗಂಟೆಗೆ ನಾಲ್ಕು ಕಿ.ಮೀ. ನಡೆದರೂ ತಲಪಾಡಿಗೆ ನಾಲ್ಕು ಗಂಟೆ, ಕುಂಬಳೆಗೆ ಇಡೀ ಹಗಲು. ಕರ್ಫ್ಯೂವಿನಲ್ಲೋ ಕತ್ತಲೆಯ ಜಡಿಮಳೆಯಲ್ಲೋ ಇದು ಹುಚ್ಚುತನ. ಹಾಗಾಗಿ ಚೀಲ ತುಂಬುವಾಗ ಒಂದು ರಾತ್ರಿ ನಗರದಲ್ಲೇ ಉಳಿಯುವ ಲೆಕ್ಕವನ್ನೂ ಹಾಕಬೇಕು. ಯಾರ ಮನೆಗೆ ಹೋಗಬಹುದು ಎಂಬುದನ್ನು ಮೊದಲೇ ಮಾತಾಡಿಟ್ಟುಕೊಂಡವನಿಗೆ ಚೀಲದ ಅರ್ಧ ಭಾರ ಕಡಿಮೆ.

ಮೊದಲು ಕಾಗದಪತ್ರ. ಆಧಾರ್ ಪ್ರತಿ, ಕೆಲಸದ ಅಥವಾ ಕಾಲೇಜಿನ ಗುರುತುಚೀಟಿ, ಮನೆಯಲ್ಲಿ ಕಾಯಿಲೆಯವರಿದ್ದರೆ ಇತ್ತೀಚಿನ ಡಿಸ್ಚಾರ್ಜ್ ಸಮ್ಮರಿ ಮತ್ತು ಮದ್ದಿನ ಚೀಟಿಯ ಪ್ರತಿ. ಇದರ ಜೊತೆಗೆ ಅಂಗೈಯಗಲದ ಒಂದು ರಟ್ಟಿನಲ್ಲಿ ಹೆಸರು, ಊರು, ಪಂಚಾಯತು, ರಕ್ತದ ಗುಂಪು, ತೆಗೆದುಕೊಳ್ಳುವ ಮದ್ದು, ಇಬ್ಬರ ಫೋನ್ ನಂಬರು. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಮಲಯಾಳದಲ್ಲಿ. ಮಲಯಾಳದ ರೇಶನ್ ಕಾರ್ಡು ಕರ್ನಾಟಕದ ಪೊಲೀಸನಿಗೆ ಓದಲು ಬಾರದು, ಕನ್ನಡದ ಚೀಟಿ ಕಣ್ಣೂರಿನಿಂದ ಬಂದ ಸಿಬ್ಬಂದಿಗೆ ಬಾರದು. ಎರಡು ಭಾಷೆ ಬಲ್ಲ ನಾವು ಪ್ರಜ್ಞೆ ತಪ್ಪಿ ಬಿದ್ದಾಗ ನಮ್ಮ ಪರವಾಗಿ ಎರಡು ಭಾಷೆಯಲ್ಲಿ ಮಾತಾಡುವುದು ಆ ರಟ್ಟು ಮಾತ್ರ. ಎಲ್ಲವನ್ನೂ ದಪ್ಪ ತೊಟ್ಟೆಯಲ್ಲಿ ಹಾಕಿ ಬಾಯಿ ಕಟ್ಟಿ. 

ಆಮೇಲೆ ಹಣ. ಬಸ್ಸು ನಿಂತರೆ ಆಟೋ, ಆಟೋ ನಿಂತರೆ ಯಾರದೋ ಪಿಕಪ್. ಐನೂರರ ನೋಟು ಒಂದಾದರೆ ಉಳಿದದ್ದು ನೂರು, ಐವತ್ತು, ಇಪ್ಪತ್ತರಲ್ಲಿರಲಿ. ಸಾದಾ ಮೊಬೈಲಿನ ಸಲಹೆ ಸರಕಾರಿ ಪಟ್ಟಿಯಲ್ಲಿ ಅತ್ಯಂತ ಜಾಣತನದ್ದು. ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಬರುತ್ತದೆ, ಇಂಟರ್ನೆಟ್ ಕೇಳುವುದಿಲ್ಲ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಒಂದು ಸೂಕ್ಷ್ಮವಿದೆ: ಮಂಗಳೂರಿನಲ್ಲಿ ನಿಂತು ಒತ್ತಿದರೆ ಸಿಗಬೇಕಾದ್ದು ಅಲ್ಲಿನ ಕೊಠಡಿ. ಕಾಸರಗೋಡಿನದು ಬೇಕಿದ್ದರೆ ಮುಂದೆ 04994 ಸೇರಿಸಬೇಕು, ಮಂಗಳೂರಿನದಕ್ಕೆ 0824. ಎರಡನ್ನೂ ಅದೇ ರಟ್ಟಿನಲ್ಲಿ ಬರೆದಿಡಿ.

ಮದ್ದು ಮೂರು ದಿನಕ್ಕೆ ಸಾಕು. ತಿನ್ನಲು ನೆಲಗಡಲೆ, ಖರ್ಜೂರ, ಬೆಲ್ಲ. ಸಕ್ಕರೆ ಕಾಯಿಲೆಯವರಿಗೂ ಕೈಕಾಲು ನಡುಗಿದಾಗ ಬೇಕಾಗುವುದು ಬೆಲ್ಲವೇ. ಒಂದು ಬೈರಾಸು, ಒಂದು ಲುಂಗಿ, ಕೊಡೆಗಿಂತ ಮೇಲಾದ ಮಳೆಯಂಗಿ. ಕಚೇರಿಗೆ ನಯವಾದ ಚಪ್ಪಲಿ ಹಾಕಿ ಹೋಗುವವರು, ಮುಖ್ಯವಾಗಿ ಹೆಂಗಸರು, ನಡೆಯಲು ಆಗುವ ಹಿಂಬದಿ ಪಟ್ಟಿಯ ಒಂದು ಜೊತೆ ಚಪ್ಪಲಿಯನ್ನು ಚೀಲದ ತಳದಲ್ಲಿಡಿ. ಒಟ್ಟು ಭಾರ ನಾಲ್ಕೈದು ಕಿಲೋ ದಾಟಬಾರದು. ದಾಟಿದರೆ ಎರಡನೇ ವಾರಕ್ಕೆ ಚೀಲ ಮನೆಯ ಮೊಳೆಯಲ್ಲಿ ನೇತಾಡುತ್ತದೆ.

ಈಗ ಚೀಲದ ವಿಷಯ. ಅಂಗಡಿಯವನು ತೋರಿಸುವುದು ಬಣ್ಣ ಮತ್ತು ಜೇಬುಗಳ ಲೆಕ್ಕ. ನೀವು ನೋಡಬೇಕಾದ್ದು ಪಟ್ಟಿ ಚೀಲಕ್ಕೆ ಸೇರುವ ಜಾಗ, ಏಕೆಂದರೆ ನೂರರಲ್ಲಿ ತೊಂಬತ್ತು ಚೀಲ ಹರಿಯುವುದು ಅಲ್ಲೇ ಎಂಬುದು ನನ್ನ ಅಂದಾಜು. ಒಂದೇ ಸಾಲು ಹೊಲಿಗೆಯಾದರೆ ಬೇಡ. ಚೌಕ ಹೊಲಿದು ನಡುವೆ ಗುಣಾಕಾರದ ಗುರುತಿನಂತೆ ಹಾಯಿಸಿರಬೇಕು, ಇಲ್ಲವೇ ಒತ್ತೊತ್ತಾಗಿ ಅಡ್ಡ ಟಾಕು ಹಾಕಿರಬೇಕು. ಚೀಲವನ್ನು ಒಳಮಗ್ಗುಲು ಮಾಡಿ ನೋಡಿ, ಬಟ್ಟೆಯ ಅಂಚಿಗೆ ಪಟ್ಟಿ ಕಟ್ಟಿದ್ದಾರೋ, ನೂಲು ಬಿಡುತ್ತಿದೆಯೋ? ಬಟ್ಟೆಗೆ 'ಡೀನಿಯರ್' ಎಂಬ ಅಳತೆಯಿದೆ, 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 600 ಡೀನಿಯರ್ ಪಾಲಿಯೆಸ್ಟರ್ ನಿತ್ಯದ ಬಳಕೆಗೆ ಸಾಕು. ನೈಲಾನ್ ಆದರೆ ಉಜ್ಜಾಟಕ್ಕೆ ಇನ್ನೂ ತಡೆಯುತ್ತದೆ. ಜಿಪ್ಪಿನ ಹಿಂಬದಿಯ ಅಂಕಿ ಅದರ ಅಗಲದ ಸೂಚನೆ. ದೊಡ್ಡ ಬಾಯಿಗೆ 8 ಅಥವಾ 10 ಇರಲಿ, 5 ಚಿಕ್ಕ ಜೇಬಿಗೆ. ಇಪ್ಪತ್ತರಿಂದ ಇಪ್ಪತ್ತೈದು ಲೀಟರಿಗಿಂತ ದೊಡ್ಡದು ಬಸ್ಸಿನ ನೂಕುನುಗ್ಗಲಿಗೆ ಆಗದು.

ನೀರು ಒಳಹೋಗದ ಚೀಲ ಎಂಬ ಮಾತನ್ನು ನಮ್ಮ ಆಟಿಯ ಮಳೆಯಲ್ಲಿ ನಂಬಬೇಡಿ. ಹೊರಗಿನ ಮಳೆಹೊದಿಕೆಯೂ ಬೆನ್ನ ಬದಿಯಿಂದ ಇಳಿಯುವ ನೀರನ್ನು ತಡೆಯದು. ತೊಳೆದೊಣಗಿಸಿದ ಗೊಬ್ಬರದ ಚೀಲದ ಒಳತೊಟ್ಟೆಯನ್ನು ಚೀಲದೊಳಗೆ ಹರಡಿ ಅದರಲ್ಲಿ ಸಾಮಾನಿಟ್ಟರೆ ಖರ್ಚಿಲ್ಲ. ಮೂರು-ನಾಲ್ಕು ಸಾವಿರ ಕೊಡಲಾಗದ ಮನೆಯಲ್ಲಿ ಮಕ್ಕಳ ಹಳೆಯ ಶಾಲಾಚೀಲ ಇದ್ದೇ ಇರುತ್ತದೆ. ಚಪ್ಪಲಿ ಹೊಲಿಯುವವರ ಬಳಿ ಪಟ್ಟಿಯ ಬುಡಕ್ಕೆ ನೈಲಾನ್ ನೂಲಿನಲ್ಲಿ ಎರಡು ಸುತ್ತು ಹಾಕಿಸಿದರೆ ಅದೂ ನಡೆಯುತ್ತದೆ.

ಸೈನಿಕರ ಚೀಲದಂತೆ ಕಾಣುವ ಹಸಿರು-ಕಂದು ಚುಕ್ಕೆಯದನ್ನು ಕೊಳ್ಳಬೇಡಿ. ಗಲಭೆಯ ದಿನ ಪೊಲೀಸರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಪಟ್ಟಿಯಲ್ಲಿರುವ ಚೂರಿಯೂ ಹಣ್ಣು ಕೊಯ್ಯುವಷ್ಟೇ ಇರಲಿ. ಮಂಗಳೂರಿನಿಂದ ತೆಂಕಕ್ಕೆ ಬರುವ ಚೀಲಗಳನ್ನು ಅಬಕಾರಿಯವರು ಮದ್ಯಕ್ಕಾಗಿ ತಡಕುವುದು ನಮಗೆಲ್ಲ ಅಭ್ಯಾಸವಾದ ಸಂಗತಿ. ನಾಲ್ಕು ಬೀಗ ಹಾಕಿದ ಚೀಲಕ್ಕಿಂತ ಒಂದೇ ಎಳೆತಕ್ಕೆ ತೆರೆದು ತೋರಿಸಬಹುದಾದ ಚೀಲದವನು ಬೇಗ ಮನೆ ಸೇರುತ್ತಾನೆ.

ದಾರಿಯನ್ನೂ ಚೀಲದಲ್ಲಿಡಬೇಕು. ತೆಂಕಕ್ಕೆ ಬರುವವರಿಗೆ ನೇತ್ರಾವತಿಯೇ ಇಕ್ಕಟ್ಟಿನ ಜಾಗ. ತೊಕ್ಕೊಟ್ಟಿನ ಬದಿ ಸಂಚಾರ ನಿಂತರೆ ಅಡ್ಯಾರ್-ಹರೇಕಳ ಸೇತುವೆ ಇದೆ, ಇನ್ನೂ ಮೂಡಕ್ಕೆ ಬಿ.ಸಿ.ರೋಡ್, ಮೆಲ್ಕಾರ್, ಮುಡಿಪು, ಅಲ್ಲಿಂದ ನಂದಾರಪದವು, ವರ್ಕಾಡಿ. ಎಣ್ಮಕಜೆ, ಪೆರ್ಲದವರಿಗೆ ವಿಟ್ಲ-ಸಾರಡ್ಕವೇ ಹತ್ತಿರ. ಈ ಹೆಸರುಗಳನ್ನು ಕೈಯಲ್ಲಿ ಬರೆದ ನಕ್ಷೆಗೆ ಇಂಟರ್ನೆಟ್ ಬೇಡ.

ಇಷ್ಟೆಲ್ಲ ಜನರ ಬೆನ್ನಿಗೆ ಹೊರಿಸಿ ಆಡಳಿತ ಕೈತೊಳೆದುಕೊಳ್ಳುವಂತಿಲ್ಲ. 2020ರಲ್ಲಿ ಒಬ್ಬ ರೋಗಿಯನ್ನು ಹೇಗೆ ದಾಟಿಸಬೇಕೆಂದು ತೀರ್ಮಾನಿಸಲು ಎರಡು ನ್ಯಾಯಾಲಯ ಮತ್ತು ಒಂದು ವಾರ ಬೇಕಾಯಿತು. ಯಾವ ಕಾಗದ ತೋರಿಸಿದರೆ ಯಾವ ಗೇಟಿನಲ್ಲಿ ಬಿಡುತ್ತಾರೆ, ರಾತ್ರಿ ಸಿಕ್ಕಿಬಿದ್ದವರಿಗೆ ಎಲ್ಲಿ ಜಾಗ ಎಂಬುದನ್ನು ಮಂಗಳೂರು ಮತ್ತು ಕಾಸರಗೋಡಿನ ಜಿಲ್ಲಾಧಿಕಾರಿಗಳು ಮಳೆಗಾಲದ ಮುನ್ನವೇ ಒಟ್ಟಿಗೆ ಕುಳಿತು ಬರೆದು, ಕನ್ನಡ, ಮಲಯಾಳ ಎರಡರಲ್ಲೂ ತಲಪಾಡಿಯ ಬಸ್ ನಿಲ್ದಾಣದಲ್ಲಿ ಅಂಟಿಸಬಹುದು. ಒಂದು ಹಾಳೆಯ ಕೆಲಸ. ಅದರ ಪ್ರತಿಯೊಂದು ರಟ್ಟಿನ ಪಕ್ಕದಲ್ಲಿ ತೊಟ್ಟೆಯೊಳಗೆ ಹಿಡಿಸುತ್ತದೆ.