ಹಾಯಿ ಕಟ್ಟಿದವರಿಗೂ ಹಾರ ಬೀಳಲಿ

ಕೆರೆ ತುಂಬಿದರೆ ಬಾಗಿನ ಬಿಡುವ, ತುಂಬದಿದ್ದರೆ ಆಕಾಶ ನೋಡುವ ಸೀಮೆ ನಮ್ಮದು. ಅಮರಾಪುರ, ಮಡಕಶಿರಾ, ರಾಯದುರ್ಗದ ಜನಕ್ಕೆ ಹಾಯಿದೋಣಿ ಓಟದ ಸುದ್ದಿ ಯಾಕೆ ಅಂತ ಯಾರಾದರೂ ಕೇಳಬಹುದು. ನೀರಿದ್ದವರ ಆಟ, ದುಡ್ಡಿದ್ದವರ ಆಟ, ನಮಗೂ ಅದಕ್ಕೂ ಏನು ಸಂಬಂಧ ಅನ್ನಬಹುದು. ಆದರೆ ಒಬ್ಬ ಸಾಧಕನಿಗೆ ಯಾವಾಗ ಸನ್ಮಾನ ಮಾಡಬೇಕು, ಆ ಸಾಧಕನನ್ನು ತಯಾರು ಮಾಡಿದವನಿಗೆ ಏನು ಮಾಡಬೇಕು ಅನ್ನೋ ಪ್ರಶ್ನೆ ಎಲ್ಲ ಆಟಕ್ಕೂ ಒಂದೇ. ಈ ಪ್ರಶ್ನೆಗೆ ಹಾಯಿದೋಣಿಯಷ್ಟು ಚೆನ್ನಾಗಿ ಉತ್ತರ ಕೊಡುವ ಆಟ ಇನ್ನೊಂದಿಲ್ಲ.

ಮೊದಲು ದುಡ್ಡಿದ್ದವರ ಆಟ ಅನ್ನೋ ಮಾತು ನೋಡೋಣ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ (2023ರಲ್ಲಿ ನಡೆಯಿತು) ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಆ ಜಿಲ್ಲೆಗೂ ಸಮುದ್ರಕ್ಕೂ ನಮ್ಮಷ್ಟೇ ದೂರ, ಇಲ್ಲವೇ ಇನ್ನೂ ಜಾಸ್ತಿ. ಹುಡುಗಿ ಕಲಿತಿದ್ದು ಭೋಪಾಲದ ಕೆರೆಯಲ್ಲಿ, ಅಲ್ಲಿನ ನ್ಯಾಷನಲ್ ಸೇಲಿಂಗ್ ಸ್ಕೂಲ್‌ನಲ್ಲಿ. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಯಾಚ್ ಕ್ಲಬ್‌ನವರು ಸರ್ಕಾರಿ ಶಾಲೆಯ ಬಡಮಕ್ಕಳನ್ನು ದೋಣಿ ಹತ್ತಿಸಿದ್ದಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿ ಬಿಚ್ಚಿ ಕಟ್ಟೋದು ಕಲಿತಿದ್ದಾರೆ. ಕೊಡವ ಮೂಲದ ಕೆ.ಸಿ. ಗಣಪತಿ, ಜೊತೆಗಾರ ವರುಣ್ ಠಕ್ಕರ್ ಸೇರಿ 2018ರ ಜಕಾರ್ತಾ ಏಷ್ಯಾಡ್‌ನಲ್ಲಿ ಕಂಚು ಗೆದ್ದರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿಬಂದರು. ಅಂದಮೇಲೆ ನೀರಿಗಿಂತ, ದುಡ್ಡಿಗಿಂತ ಮುಖ್ಯವಾಗಿ ಬೇಕಾಗಿರೋದು ಕಲಿಸುವ ಮನುಷ್ಯ.

ಈ ಆಟದಲ್ಲಿ ಅಂಥ ಮನುಷ್ಯನ ಮುಖ ಯಾರಿಗೂ ಕಾಣೋದಿಲ್ಲ. ಓಟ ನಡೆಯೋದು ದಡದಿಂದ ದೂರ. ಚಪ್ಪಾಳೆ ಇಲ್ಲ, ಗ್ಯಾಲರಿ ಇಲ್ಲ. ಗಾಳಿಗೆ ಎದುರಾಗಿ ದೋಣಿ ನೇರ ಹೋಗಲಾರದು, ಎಡಕ್ಕೂ ಬಲಕ್ಕೂ ಓರೆಯಾಗಿ ಹೊಡೆದು ಹೊಡೆದು ಮುಂದೆ ಸಾಗಬೇಕು. ಗಾಳಿ ದಿಕ್ಕು ಬದಲಾಯಿಸಿತೆಂದರೆ ನೀರಲ್ಲಿ ತೇಲಿಬಿಟ್ಟ ಗುರುತುಗಳನ್ನೂ ಕಿತ್ತು ಬೇರೆ ಕಡೆ ನೆಡಬೇಕು. ಆ ಗುರುತು ನೆಡುವವರು, ಹೊತ್ತು ಬರೆದುಕೊಳ್ಳುವವರು, ಮಗುಚಿದ ದೋಣಿಯ ಕಡೆ ರಕ್ಷಣಾ ದೋಣಿ ಓಡಿಸುವವರು, ತಕರಾರು ಬಂದರೆ ಕೂತು ತೀರ್ಮಾನ ಹೇಳುವವರು ಇಡೀ ದಿನ ಬಿಸಿಲಲ್ಲಿ ನೀರಿನ ಮೇಲೇ ಇರುತ್ತಾರೆ. ಇವರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ಮಾಡುವವರು.

ಹಾಗಂತ ಗೆದ್ದವರಿಗೆ ಗೌರವ ಸಿಕ್ಕಿಲ್ಲ ಅಂತಲ್ಲ. ಹೋಮಿ ಮೋತಿವಾಲಾ, ಪಿ.ಕೆ. ಗರ್ಗ್ ಜೋಡಿಗೆ 1993-94ರ ಸಾಲಿನ ಖೇಲ್ ರತ್ನ ಬಂತು. ನಮ್ಮ ಆಂಧ್ರದ ಕರಣಂ ಮಲ್ಲೇಶ್ವರಿಗೆ ಅದೇ ಪ್ರಶಸ್ತಿ ಬಂದಿದ್ದು ಅದರ ಮರುವರ್ಷ. ಮಲ್ಲೇಶ್ವರಿ ಹೆಸರು ಮನೆಮನೆಗೆ ಗೊತ್ತು, ಈ ಇಬ್ಬರ ಹೆಸರು ಎಷ್ಟು ಜನಕ್ಕೆ ಗೊತ್ತು? 2017-18ರಲ್ಲಿ ನೌಕಾಪಡೆಯ ಆರು ಹೆಣ್ಣುಮಕ್ಕಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅವರಲ್ಲಿ ವಿಶಾಖಪಟ್ಟಣದ ಪಿ. ಸ್ವಾತಿ, ಹೈದರಾಬಾದಿನ ಬಿ. ಐಶ್ವರ್ಯಾ ಇಬ್ಬರೂ ಇದ್ದರು. ಅವರಿಗೆ ನಾರಿ ಶಕ್ತಿ ಪುರಸ್ಕಾರ ಬಂತು. ಬರಲೇಬೇಕಿತ್ತು, ಬಂತು, ಸಂತೋಷ.

ಆದರೆ ಅವರ ಹಿಂದೆ ಇದ್ದವರು ಯಾರು? ವೈಸ್ ಅಡ್ಮಿರಲ್ ಮನೋಹರ ಪ್ರಹ್ಲಾದ ಆವಟಿ ಅಂತ ಒಬ್ಬರಿದ್ದರು. 1971ರ ಯುದ್ಧದಲ್ಲಿ ವೀರಚಕ್ರ ಪಡೆದವರು. ಭಾರತೀಯನೊಬ್ಬ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು ಅನ್ನೋದು ಅವರು ಕಂಡ ಕನಸು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. 2009-10ರಲ್ಲಿ ದಿಲೀಪ್ ದೊಂದೆ ಆ ಯಾನ ಮುಗಿಸಿದಾಗ ಆವಟಿಯವರಿಗೆ ಎಂಬತ್ತು ದಾಟಿತ್ತು. 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿ ಬಂದರು. ಅದೇ ಟೋಮಿ 2018ರ ಸ್ಪರ್ಧೆಯಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನು ಮುರಿದುಕೊಂಡು, ಮತ್ತೆ ಎದ್ದು, 2023ರಲ್ಲಿ ಗೋಲ್ಡನ್ ಗ್ಲೋಬ್ ಓಟದಲ್ಲಿ ಎರಡನೆಯವರಾಗಿ ದಡ ಸೇರಿದರು. ಅದನ್ನು ನೋಡಲು ಆವಟಿ ಇರಲಿಲ್ಲ. 2018ರ ನವೆಂಬರಿನಲ್ಲೇ ತೀರಿಕೊಂಡಿದ್ದರು. ದೊಂದೆ ಮತ್ತು ಟೋಮಿ ಹೋದ 'ಮ್ಹಾದೇಯಿ', ಹೆಣ್ಣುಮಕ್ಕಳು ಹೋದ 'ತಾರಿಣಿ' ಎರಡನ್ನೂ ಕಟ್ಟಿದ್ದು ಗೋವಾದ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಕಾರ್ಖಾನೆ. ಪದಕದ ಪಟ್ಟಿ ತೆಗೆದು ನೋಡಿದರೆ ಇಂಥವರ ಹೆಸರಿಗೆ ಅಲ್ಲಿ ಕಾಲಂ ಇರೋದಿಲ್ಲ.

ಹೊರದೇಶದ ಹಾಯಿದೋಣಿ ಸಂಸ್ಥೆಯವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಗೆದ್ದವರಿಗೆ ವರ್ಷದ ಆಟಗಾರ ಪ್ರಶಸ್ತಿ ಬೇರೆ. ಆಟಕ್ಕಾಗಿ ಸಂಬಳವಿಲ್ಲದೆ ದುಡಿದವರಿಗೆ ಹಿಂದಿನ ಅಧ್ಯಕ್ಷ ಬೆಪ್ಪೆ ಕ್ರೋಚೆ ಹೆಸರಿನ ಟ್ರೋಫಿ ಬೇರೆ. 2007ರಲ್ಲಿ ಅವರು ಗೌರವ ಪಟ್ಟಿಯನ್ನು ಶುರು ಮಾಡಿದಾಗ ಮೊದಲ ಆರು ಜನರಲ್ಲಿ ಓಲಿನ್ ಸ್ಟೀಫನ್ಸ್ ಇದ್ದರು. ಅವರು ಮುಖ್ಯವಾಗಿ ದೋಣಿಯ ನಕ್ಷೆ ಬರೆದವರು, ಆಗ ವಯಸ್ಸು 99. ಮರುವರ್ಷ ತೀರಿಕೊಂಡರು. ಒಂದು ವರ್ಷ ತಡಮಾಡಿದ್ದರೆ ಹಾರ ಫೋಟೋಗೆ ಬೀಳುತ್ತಿತ್ತು.

ನಮಗೆ ಇದು ಹೊಸ ಪಾಠವೇನಲ್ಲ. ಅಮರಾಪುರದ ಪಕ್ಕದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಆ ಕಾಲದ ಕನ್ನಡ ಶಾಸನಗಳಲ್ಲಿ ಎರಡು ಬಗೆಯ ಕೊಡಗೆ ಕಾಣುತ್ತವೆ. ಕಾದಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿದವನಿಗೆ, ಅದರ ಏರಿ ಕಾಯ್ದು ರಿಪೇರಿ ಮಾಡಿಸಿದವನಿಗೆ ಕೊಟ್ಟ ಭೂಮಿ ಕಟ್ಟುಗೊಡಗೆ. ಸಾಹಸಕ್ಕೊಂದು, ಸೇವೆಗೊಂದು. ಸಾವಿರ ವರ್ಷದ ಹಿಂದಿನವರಿಗೆ ತಿಳಿದಿದ್ದ ಈ ಲೆಕ್ಕ ನಮಗೆ ಮರೆತಿದೆ.

ಗಡಿ ಹಳ್ಳಿಗಳ ಕನ್ನಡ ಶಾಲೆಗಳನ್ನೇ ನೋಡಿ. ಖೋಖೋ, ಕಬಡ್ಡಿ, ವಾಲಿಬಾಲ್‌ನಲ್ಲಿ ಮಕ್ಕಳು ಜಿಲ್ಲೆಗೆ, ರಾಜ್ಯಕ್ಕೆ ಹೋದರೆ ಪೇಪರಿನಲ್ಲಿ ಮಕ್ಕಳ ಫೋಟೋ ಬರುತ್ತದೆ. ಅವರನ್ನು ಬೆಳಗ್ಗೆ ಐದಕ್ಕೆ ಎಬ್ಬಿಸಿ ಓಡಿಸಿದ, ಕೈಯಿಂದ ಬಸ್ ಚಾರ್ಜ್ ಹಾಕಿ ಕರೆದುಕೊಂಡು ಹೋದ ಮೇಷ್ಟ್ರು ಸಾಲಿನ ತುದಿಯಲ್ಲಿ ಅರ್ಧ ಮುಖ ಕಾಣಿಸಿ ನಿಂತಿರುತ್ತಾರೆ. ನಿವೃತ್ತಿ ದಿನ ಒಂದು ಶಾಲು, ಅಲ್ಲಿಗೆ ಮುಗಿಯಿತು.

ಗಡಿಯವರಿಗೆ ಇನ್ನೊಂದು ಕಷ್ಟ ಬೇರೆ. ಆಂಧ್ರದ ಕಚೇರಿಯಲ್ಲಿ ಇವರು ಕನ್ನಡದವರು, ಕರ್ನಾಟಕದ ಕಚೇರಿಯಲ್ಲಿ ಇವರು ಆಂಧ್ರದವರು. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಮಡಕಶಿರಾ ಕಡೆಯವರ ಫೈಲು ಶ್ರೀ ಸತ್ಯಸಾಯಿ ಜಿಲ್ಲೆಗೆ, ರಾಯದುರ್ಗದವರದು ಅನಂತಪುರಕ್ಕೆ. ದೆಹಲಿಯಲ್ಲಿ ಜೀವಮಾನ ಸಾಧನೆಗೆ ಅಂತಲೇ 2002ರಿಂದ ಧ್ಯಾನ್‌ಚಂದ್ ಪ್ರಶಸ್ತಿ ಇತ್ತು, ಈಗ ಅದು ಅರ್ಜುನ ಪ್ರಶಸ್ತಿಯ ಜೀವಮಾನ ವಿಭಾಗವಾಗಿದೆ. ಕರ್ನಾಟಕದಲ್ಲೂ ಏಕಲವ್ಯದ ಜೊತೆ ಜೀವಮಾನ ಸಾಧನೆಗೆ ಪ್ರಶಸ್ತಿ ಉಂಟು. ಆದರೆ ಪ್ರಶಸ್ತಿ ತಾನಾಗಿ ನಡೆದು ಬರೋದಿಲ್ಲ, ಅರ್ಜಿ ಬೇಕು, ದಾಖಲೆ ಬೇಕು. ಬದುಕಿಡೀ ಬೇರೆಯವರ ಅರ್ಜಿ ತುಂಬಿಕೊಟ್ಟ ಮೇಷ್ಟ್ರು ತಮ್ಮ ಅರ್ಜಿ ತಾವೇ ಬರೆದುಕೊಳ್ಳೋರಲ್ಲ.

ಆದ್ದರಿಂದ ಆ ಕೆಲಸ ನಮ್ಮದು. ಊರೂರಿನ ಕನ್ನಡ ಸಂಘದವರು, ಹಳೆಯ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಹಿಡಿದು ಕೂರಲಿ. ಯಾರು ಎಷ್ಟು ವರ್ಷ ಕಲಿಸಿದರು, ಯಾವ ಮಕ್ಕಳು ಎಲ್ಲಿವರೆಗೆ ಹೋದರು, ಸರ್ಟಿಫಿಕೇಟು, ಫೋಟೋ ಎಲ್ಲ ಈಗಲೇ ಸೇರಿಸಲಿ. ಪದ್ಮ ಪ್ರಶಸ್ತಿಗೇ ಯಾರು ಬೇಕಾದರೂ ಯಾರ ಹೆಸರನ್ನಾದರೂ ಕಳಿಸಬಹುದು ಎಂದಮೇಲೆ ಸಂಕೋಚವೇಕೆ? ರಾಜ್ಯೋತ್ಸವ ಪ್ರಶಸ್ತಿಗೆ ಹೊರನಾಡ ಕನ್ನಡಿಗರನ್ನು ಪರಿಗಣಿಸುವ ಕರ್ನಾಟಕ ಸರ್ಕಾರ, ಕ್ರೀಡಾ ಸೇವೆಯ ಗೌರವದಲ್ಲೂ ಗಡಿಯಾಚೆಯ ಕನ್ನಡ ಶಾಲೆಗಳ ತರಬೇತುದಾರರಿಗೆ ಜಾಗ ಕೊಡಲಿ. ಆಂಧ್ರ ಸರ್ಕಾರವೂ ಈ ಶಾಲೆಗಳ ದೈಹಿಕ ಶಿಕ್ಷಕರನ್ನು ಪಟ್ಟಿಯಿಂದ ಬಿಡದಿರಲಿ.

ಇನ್ನು ನವೆಂಬರ್ ಬಂದಾಗ ನಮ್ಮ ವೇದಿಕೆಗಳ ಮೇಲೆ ರಾಜಕಾರಣಿಗಳಿಗೆ ಹಾಕುವ ಹತ್ತು ಕುರ್ಚಿಗಳಲ್ಲಿ ಒಂದನ್ನಾದರೂ ಇಂಥ ಮೇಷ್ಟ್ರಿಗೆ ಬಿಡಿ. ಅವರಿನ್ನೂ ಮೆಟ್ಟಿಲು ಹತ್ತಿ ಬರುವ ಶಕ್ತಿ ಇರುವಾಗಲೇ ಕರೆಯಿರಿ.